ಕಸ ಮಾಡದ ಮರ

ಅತ್ತಿ ಎಂದುಬಿಡಲೇ? ಎರಡೇ ಅಕ್ಷರ. ಬಾಯಿ ತೆರೆದರೆ ಮುಗಿಯಿತು. ಆದರೆ ಅತ್ತಿ ಎಂದರೆ ಕುಟ್ರುಹಕ್ಕಿ ಬರುತ್ತದೆ, ಪಿಕಳಾರ ಬರುತ್ತದೆ, ಮಾಘದ ಗಣತಿಯವರು ಬಂದು ಗೇಟಿನ ಬಿಳಿ ಪಟ್ಟಿ ಬಿಚ್ಚುತ್ತಾರೆ, ದಾಕ್ಷಾಯಿಣಿ ಟೀಚರಿಗೆ ಮಾತು ವಾಪಸು ಸಿಗುತ್ತದೆ. ಆಮೇಲೆ ಸಂಜೆ ಈ ಕಲ್ಲುಬೆಂಚಿನ ಮೇಲೆ ನನ್ನ ಪಕ್ಕ ಯಾರು ಕೂರುತ್ತಾರೆ? ಹಾಗಂತ ಹಾಲೆ ಎನ್ನಲೇ? ಹಾಲೆಯಲ್ಲಿ ತಿನ್ನುವ ಹಣ್ಣಿಲ್ಲ. ನೂಲಿನ ಹಾಗೆ ಇಳಿಬೀಳುವ ಒಣ ಕಾಯಿ, ಒಡೆದರೆ ಕೂದಲಿನಂಥ ಬೀಜ, ಗಾಳಿ ಬಂದರೆ ಅದೂ ಹೋಯಿತು. ಹಕ್ಕಿಗೆ ಅದರ ಹತ್ತಿರ ಏನೂ ಕೆಲಸವಿಲ್ಲ. ಆದರೆ ನೋಡಲು ಛತ್ರಿಯ ಮೇಲೆ ಛತ್ರಿ ಇಟ್ಟಂತೆ ಚೆಂದ, ನಾಡಮರ, ಯಾರಿಗೂ ಅನುಮಾನ ಬರುವುದಿಲ್ಲ. ಅತ್ತಿಯೋ ಹಾಲೆಯೋ?

ಟೀಚರು ಸ್ಲೇಟು ಹಿಡಿದು ಎದುರಿಗೆ ನಿಂತಿದ್ದರು. ಶಾಲೆಯ ಬೋರ್ಡಿನ ಮೇಲೆ ಬರೆಯುವ ದುಂಡನೆಯ ಅಕ್ಷರದಲ್ಲಿ, ಪ್ರಶ್ನೆಯ ಚಿಹ್ನೆಯನ್ನೂ ಮರೆಯದೆ ಬರೆದಿದ್ದರು: ಯಾವ ಮರ ನೆಟ್ಟರೆ ಹಕ್ಕಿ ಬರುತ್ತದೆ?

ನಮ್ಮೂರಿನಲ್ಲಿ ಅಂಗಳದ ಮರಕ್ಕೆ ಹಕ್ಕಿ ಬಾರದ ಮನೆಯವರು ಗೇಟು ದಾಟಿ ಮಾತಾಡುವಂತಿಲ್ಲ. ಮನೆಗೆ ಒಂದೇ ಮರ. ನೆಡುವುದು ಮೃಗಶಿರ ಮಳೆಯ ವಾರದಲ್ಲಿ ಮಾತ್ರ, ನೆಟ್ಟ ಮೇಲೆ ಮೂರು ಗಣತಿ ಕಳೆಯುವವರೆಗೆ ಕಡಿಯುವಂತಿಲ್ಲ. ನಮ್ಮ ನೆಲದಲ್ಲಿ ಸಸಿಗಳಿಗೆ ಬಹಳ ಅವಸರ, ಮೃಗಶಿರದಲ್ಲಿ ನೆಟ್ಟಿದ್ದು ಮಾಘಕ್ಕೆ ಆಳೆತ್ತರ ಬಂದು ಫಲ ಕೊಡಲು ಶುರುಮಾಡುತ್ತದೆ. ಮಾಘದಲ್ಲಿ ಗಣತಿಯ ಕೊಟ್ರಪ್ಪ ಪರವೂರಿನಿಂದ ಇಬ್ಬರು ಸಹಾಯಕರ ಜೊತೆ ಬಂದು ಪ್ರತಿ ಗೇಟಿನ ಮುಂದೆ ಒಂದು ಎಲೆಯಡಿಕೆ ಅಗಿದು ಮುಗಿಸುವಷ್ಟು ಹೊತ್ತು ನಿಲ್ಲುತ್ತಾನೆ. ಅಷ್ಟರೊಳಗೆ ನಾಡಹಕ್ಕಿಯೊಂದು ತಾನಾಗಿ ಬಂದು, ಕೂತು, ಆ ಮರದ್ದೇ ಹಣ್ಣನ್ನೋ ಹೂವನ್ನೋ ಬಾಯಿಗಿಟ್ಟರೆ "ಒಕ್ಕಲು ಐತೆ!" ಎಂದು ಕೂಗುತ್ತಾನೆ. ಇಲ್ಲದಿದ್ದರೆ ಗೇಟಿಗೆ ಬಿಳಿ ಬಟ್ಟೆಯ ಪಟ್ಟಿ, ಒಂದು ವರ್ಷ. ತಟ್ಟೆಯಲ್ಲಿಟ್ಟ ಕಾಳು ನಡೆಯುವುದಿಲ್ಲ. ಕಾಗೆ, ಪಾರಿವಾಳ ನಡೆಯುವುದಿಲ್ಲ, ಅವು ಚುನಾವಣೆಗೆ ನಿಂತವರ ಹಾಗೆ ಎಲ್ಲರ ಮನೆಗೂ ಹೋಗುತ್ತವೆ.

ಇನ್ನೊಂದು ಕಲಮು ಇತ್ತು, ಯಾರೂ ಬಳಸಿದ್ದನ್ನು ನಾನು ನೋಡಿರಲಿಲ್ಲ. ಪಟ್ಟಿ ಕಟ್ಟುವ ಮೊದಲು ಕೊಟ್ರಪ್ಪ ಮೂರು ಸಲ ಕೇಳಬೇಕು: "ಸಸಿ ಕೊಟ್ಟೋರು ಏನಾದ್ರೂ ಹೇಳೋದು ಐತಾ?" ಸಸಿ ಕೊಟ್ಟವನು ಮುಂದೆ ಬಂದು "ತಪ್ಪು ಸಸಿ ಕೊಟ್ಟೆ" ಎಂದು ಹೇಳಿದರೆ ಆ ಸಸಿ ಪಡೆದ ಯಾವ ಮನೆಗೂ ಪಟ್ಟಿ ಬೀಳುವುದಿಲ್ಲ, ಅವರು ಮರ ಬದಲಾಯಿಸಿಕೊಳ್ಳಬಹುದು. ಬದಲಿಗೆ ಹೇಳಿದವನ ಬಾಯಿ ಮೂರು ವರ್ಷ ಬಂದ್. ಅದೇ ಅವನ ಕೊನೆಯ ಮಾತು.

ಊರು ಇದಕ್ಕೆ ಚೆನ್ನಾಗಿಯೇ ಹೊಂದಿಕೊಂಡಿತ್ತು. ಸ್ಲೇಟಿನ ಅಂಗಡಿಗಳು ಮೂರಿದ್ದವು, ಮೂರೂ ಲಾಭದಲ್ಲಿದ್ದವು. ನಲ್ಲಿಯ ಹತ್ತಿರ ಪಟ್ಟಿ ಮನೆಯ ಇಬ್ಬರು ಹೆಂಗಸರು ಜಗಳಕ್ಕೆ ನಿಂತರೆ ಬಳಪದ ಪುಡಿ ಹಾರುತ್ತಿತ್ತು. ಒಬ್ಬಳು ಬರೆದು ಮುಗಿಸುವವರೆಗೆ ಇನ್ನೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು, ಕಾಗುಣಿತ ತಪ್ಪಿದರೆ ತಿದ್ದುತ್ತಲೂ ಇದ್ದಳು. ಪಟ್ಟಿ ಮನೆಯ ಹುಡುಗಿ ಬಾಯಿ ಮಾಡುವುದಿಲ್ಲವೆಂದು ಆಸೆಯಿಂದ ಸೊಸೆ ತಂದುಕೊಂಡವರು, ಕಟ್ಟಳೆ ಗೇಟಿನಾಚೆಗೆ ಮಾತ್ರ ಎಂಬುದನ್ನು ಮದುವೆಯಾದ ಮಾರನೆಯ ದಿನ ನೆನಪಿಸಿಕೊಳ್ಳುತ್ತಿದ್ದರು. ಕೆಮ್ಮು ಮಾತೋ ಅಲ್ಲವೋ ಎಂಬ ಬಗ್ಗೆ ಪುರಸಭೆಯಲ್ಲಿ ಎರಡು ದಿನ ಚರ್ಚೆ ನಡೆದು, ಕೆಮ್ಮು ಮಾತಲ್ಲ, 'ಹೂಂ' ಮಾತು ಎಂದು ಠರಾವಾಗಿತ್ತು.

ನಾನು ಪುರಸಭೆಯ ನರ್ಸರಿಯಲ್ಲಿ ಸಸಿ ಕೊಡುವವನು. ಸಸ್ಯಶಾಸ್ತ್ರದಲ್ಲಿ ಪದವಿ ಪಡೆದ ಒಬ್ಬನೇ ಒಬ್ಬ ಎಂದು ಊರು ನನ್ನ ಹೆಸರು ಮರೆತು ಬೀಎಸ್ಸಿ ಎಂದು ಕರೆಯುತ್ತಿತ್ತು. ನನ್ನ ಅಂಗಳದಲ್ಲಿ ಅತ್ತಿ ಮರವಿತ್ತು, ಹಕ್ಕಿಗಳಿಗೆ ಕೊರತೆ ಇರಲಿಲ್ಲ, ಮಾತಿಗೂ ಇರಲಿಲ್ಲ. ಆದರೆ ನನಗೆ ಪ್ರಿಯವಾದದ್ದು ಮೌನ. ಮೌನದ ಬಗ್ಗೆ ನನಗೆ ಆಳವಾದ ವಿಚಾರಗಳಿದ್ದವು; ಅವುಗಳನ್ನು ಸಿಕ್ಕಿದವರಿಗೆಲ್ಲ ಗಂಟೆಗಟ್ಟಲೆ ವಿವರಿಸುತ್ತಿದ್ದೆ. ಜನ ಮಧ್ಯದಲ್ಲೇ ಎದ್ದು ಹೋಗುತ್ತಿದ್ದರು. ಇವರಿಗೆ ಆಳವಿಲ್ಲ ಎಂದುಕೊಳ್ಳುತ್ತಿದ್ದೆ.

ಸಸಿ ಕೇಳಲು ಬರುವವರ ಮಾದರಿ ತಿಳಿಯಬೇಕಾದರೆ ಪುರಸಭೆಯ ಅಧ್ಯಕ್ಷ ಜಂಬಣ್ಣನವರೊಬ್ಬರು ಸಾಕು. ಎಣ್ಣೆ ಗಾಣದ ಮಾಲೀಕರು, ಭಾಷಣಕಾರರು. ಬಂದವರೇ ನಿಂತಲ್ಲೇ ಕೇಳಿದರು: "ಏನ್ರೀ ಬೀಎಸ್ಸಿ, ನವಿಲು ಬರೋ ಮರ ಯಾವ್ದು?"

"ನವಿಲು ಮರ ನೋಡಿ ಬರಲ್ಲ ಅಧ್ಯಕ್ಷರೇ. ಅತ್ತಿ ಹಾಕಿ, ಕುಟ್ರುಹಕ್ಕಿ ಬರುತ್ತೆ."

"ಅತ್ತಿನಾ? ಥೂ. ಹಣ್ಣು ಕೆಳಗೆ ಬಿದ್ದು ಪಿಚಪಿಚ ಅಂತೈತೆ, ನೊಣ ಮುತ್ತುತಾವೆ. ಮೇಲಿಂದ ಹಕ್ಕಿಗಳು ಕಾರಿನ ಮೇಲೆ ಹಾಕ್ತಾವೆ. ಮೊನ್ನೆ ತೊಳೆಸಿದ ಕಾರು ರೀ ಅದು."

"ಹಕ್ಕಿ ಅಂದ ಮೇಲೆ ಹಾಕೇ ಹಾಕುತ್ತೆ."

"ಹಾಕಬಾರದು. ಬರಬೇಕು, ಕೂರಬೇಕು, ಕೊಟ್ರಪ್ಪಗೆ ಮುಖ ತೋರಿಸಬೇಕು, ಹೋಗಬೇಕು. ಅಂಥ ಮರ ಇದ್ರೆ ಹೇಳ್ರಿ, ಇಲ್ಲಂದ್ರೆ ನಿಮ್ಮ ಬೀಎಸ್ಸಿ ಏನಕ್ಕೆ?"

ಕೊನೆಗೆ ಪೇಟೆಯಿಂದ ಪೆನ್ಸಿಲ್ ಕೆತ್ತಿದ ಹಾಗೆ ಮೊನಚಾದ ಯಾವುದೋ ಹೊರದೇಶದ ಮರ ತರಿಸಿ ನೆಟ್ಟರು. ದೀಪದ ಸರ ಸುತ್ತಿಸಿದರು. ಗಣತಿಯ ದಿನ ಕೊಟ್ರಪ್ಪನ ಎಲೆಯಡಿಕೆ ಮುಗಿಯುತ್ತ ಬಂದರೂ ಆ ಮರದ ಮೇಲೆ ಒಂದು ನೊಣ ಕೂತಿರಲಿಲ್ಲ. ಅಷ್ಟರಲ್ಲಿ ಮನೆಯ ಹಿಂದಿನಿಂದ ಕುಟ್ರೂ ಕುಟ್ರೂ ಎಂದು ಕೇಳಿಸಿತು. ಬಚ್ಚಲಿನ ನೀರು ಹರಿಯುವ ಕಡೆ ಅತ್ತಿಯ ಗಿಡವೊಂದು ತಾನಾಗಿ ಹುಟ್ಟಿ ಬೆಳೆದಿತ್ತು. ಪಾತ್ರೆ ತೊಳೆಯುವ ಹೆಂಗಸು ತನ್ನ ಬಟ್ಟೆಯ ಹಗ್ಗ ಕಟ್ಟಿಕೊಂಡಿದ್ದರಿಂದ ಅದನ್ನು ಕೀಳಲು ಬಿಟ್ಟಿರಲಿಲ್ಲ. ಜಂಬಣ್ಣ ಕಣ್ಣು ಮಿಟುಕಿಸದೆ, "ಅದೇ ನನ್ನ ಮರ. ಸ್ವಂತ ಕೈಯಾರೆ ನೆಟ್ಟಿದ್ದು. ಮುಂದಿಂದು ಬರೀ ಅಲಂಕಾರ" ಎಂದರು. ಅದೇ ಸಂಜೆ ಪರಿಸರದ ಬಗ್ಗೆ ಎರಡು ಗಂಟೆ ಭಾಷಣ ಮಾಡಿದರು.

ದಾಕ್ಷಾಯಿಣಿ ಟೀಚರ ಮನೆಗೆ ಪಟ್ಟಿ ಬಿದ್ದದ್ದು ಅದೇ ಗಣತಿಯಲ್ಲಿ. ಅವರ ಅಂಗಳದ ನೇರಳೆ ಮರ ಗಣತಿಗೆ ಹದಿನೈದು ದಿನ ಇರುವಾಗ ಗಾಳಿಗೆ ಉರುಳಿತ್ತು. ಒಂಟಿ ಹೆಂಗಸು, ಮನೆಯಲ್ಲಿ ಬೇರೆ ಯಾರಿಲ್ಲ. ಅವರ ಕಂಠ ಊರಿಗೆಲ್ಲ ಗೊತ್ತಿತ್ತು. ಮೂರನೆಯ ತರಗತಿಯ ನಲವತ್ತೆರಡು ಮಕ್ಕಳಿಗೆ ಅವರು ಮಗ್ಗಿ ಹೇಳಿಸಿದರೆ ನಾಲ್ಕು ಬೀದಿಯಾಚೆ ತೂಕ ಮಾಡುತ್ತಿದ್ದ ಸೊಪ್ಪಿನವಳ ಬಾಯಲ್ಲೂ ಅದೇ ಲೆಕ್ಕ ಬರುತ್ತಿತ್ತು. ಮಾತಿಲ್ಲದವರು ಪಾಠ ಮಾಡುವುದು ಹೇಗೆ? ಅವರನ್ನು ಗಂಟೆ ಹೊಡೆಯುವ ಕೆಲಸಕ್ಕೆ ಹಾಕಿದರು. ಅವರ ತರಗತಿಗೆ ಬಂದ ಮೇಷ್ಟ್ರು ಕುರ್ಚಿಯಲ್ಲೇ ತೂಕಡಿಸುವವರು. ಶಾಲೆಯ ನಿಯಮವೂ ಸ್ಪಷ್ಟವಿತ್ತು: ಸಾಲಾಗಿ ಮೂರು ಪಟ್ಟಿ ಬಿದ್ದವರ ಹೆಸರು ಹಾಜರಿ ಪುಸ್ತಕದಿಂದ ತೆಗೆಯುತ್ತಾರೆ.

ಆ ದಿನಗಳಿಂದ ಅವರು ಸಂಜೆ ನರ್ಸರಿಗೆ ಬರತೊಡಗಿದರು. ಸಸಿಗಳನ್ನು ನೋಡುತ್ತ ಒಂದು ಸುತ್ತು ಹಾಕಿ ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಮೌನದ ಮಹತ್ವವನ್ನು ಹೇಳುತ್ತಿದ್ದೆ. ಜೀವನದಲ್ಲಿ ಮೊದಲ ಸಲ ಒಬ್ಬರು ನನ್ನ ಮಾತನ್ನು ನಡುವೆ ತಡೆಯದೆ ಕೊನೆಯವರೆಗೆ ಕೇಳಿದರು. ತಡೆಯಲು ಅವರಿಗೆ ದಾರಿಯೇ ಇರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಒಮ್ಮೆ ನಾನು, ಹೇಳದೆ ಉಳಿದದ್ದೇ ನಿಜವಾದದ್ದು ಎಂಬ ವಿಷಯವನ್ನು ಮುಕ್ಕಾಲು ಗಂಟೆ ಹೇಳಿ ಅವರತ್ತ ತಿರುಗಿದಾಗ ಅವರು ಸ್ಲೇಟಿನಲ್ಲಿ ಬರೆದಿದ್ದರು: ಮಕ್ಕಳಿಗೆ ಏಳರ ಮಗ್ಗಿ ಆಗಿಲ್ಲ. ಆ ಮೇಷ್ಟ್ರು ಹೇಳಿಸುವುದಿಲ್ಲ. ನಾನು ಅದನ್ನು ತುಂಬ ಗಂಭೀರವಾದ ಉತ್ತರವೆಂದು ತಿಳಿದು ರಾತ್ರಿ ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡೆ.

ಹೀಗೆ ಐದು ತಿಂಗಳು. ಮೃಗಶಿರ ಬಂತು. ಅವರು ಸ್ಲೇಟು ಹಿಡಿದು ಎದುರು ನಿಂತರು.

"ಹಾಲೆ," ಎಂದೆ.

ಅವರು ಹುಬ್ಬೇರಿಸಿದರು.

"ನಾಡಮರ ಟೀಚರ್. ನೆರಳು ಚೆನ್ನಾಗಿರುತ್ತೆ." ಏನಾದರೂ ಸೇರಿಸಬೇಕೆನ್ನಿಸಿ, "ಕಸ ಮಾಡಲ್ಲ" ಎಂದೆ.

ಸ್ಲೇಟನ್ನು ಕಂಕುಳಲ್ಲಿಟ್ಟು, ಎರಡೂ ಕೈ ಜೋಡಿಸಿ, ಸಸಿಯನ್ನು ಎದೆಗವಚಿಕೊಂಡು ಹೋದರು. ಅವರು ನಂಬಿದ ರೀತಿ ನೋಡಿ ನನಗೇ ಒಂದು ಕ್ಷಣ ಹಾಲೆಗೆ ಹಕ್ಕಿ ಬಂದರೂ ಬರಬಹುದು ಎನ್ನಿಸಿತು.

ಬರಲಿಲ್ಲ. ಮುಂದಿನ ಮಾಘದಲ್ಲಿ ಎರಡನೆಯ ಪಟ್ಟಿ ಬಿತ್ತು. ಕೊಟ್ರಪ್ಪ ಅಂದು ಮೂರು ಸಲ ಕೇಳಿದ್ದನ್ನು ನಾನು ಬೀದಿಯ ಆಚೆ ಬದಿಯಲ್ಲಿ ನಿಂತು ಕೇಳಿಸಿಕೊಂಡೆ. ಇನ್ನೂ ಎಳೆಯ ಮರ, ಮುಂದಿನ ವರ್ಷ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಬೆಂಚಿನ ಮೇಲೆ ಸಂಜೆಗಳು ಮುಂದುವರಿದವು. ಊರಿನವರಿಗೆ ಕಾರಣ ಸಿಕ್ಕಿತ್ತು. "ಮೊದ್ಲು ಏನ್ ಬಾಯಿ ಅಂತೀರಿ ಟೀಚರಮ್ಮಂದು! ಆ ಭಯಕ್ಕೇ ಹಕ್ಕಿ ಬರವಲ್ವು" ಎಂದು ಹಾಲಿನ ಡೇರಿಯ ಸಾಲಿನಲ್ಲಿ, ಅವರ ಎದುರಿಗೇ ಹೇಳುತ್ತಿದ್ದರು. ಒಂದು ಸಂಜೆ ಅವರು ಸ್ಲೇಟಿನ ಮೂಲೆಯಲ್ಲಿ, ಸಣ್ಣದಾಗಿ ಬರೆದರು: ಮರದಲ್ಲಿ ತಪ್ಪಿಲ್ಲ. ನನ್ನಲ್ಲೇ ಏನೋ ಇರಬೇಕು. ನಾನು ಓದಿ, "ಕಾಯಬೇಕು ಟೀಚರ್. ಕಾಯುವುದರಲ್ಲೂ ಒಂದು ಮೌನ ಇದೆ" ಎಂದೆ. ಈಗ ಅದನ್ನು ನೆನೆದರೆ ನನ್ನ ಬಾಯಿಗೆ ಯಾರಾದರೂ ಮಣ್ಣು ತುಂಬಬಾರದಿತ್ತೇ ಎನ್ನಿಸುತ್ತದೆ.

ಮೂರನೆಯ ಗಣತಿಗೆ ವಾರವಿತ್ತು. ಬೆಳಿಗ್ಗೆ ಅವರ ಕಾಂಪೌಂಡಿನ ಪಕ್ಕ ಹೋಗುತ್ತಿದ್ದಾಗ ಒಳಗಿನಿಂದ ದನಿ ಕೇಳಿಸಿತು. ಮನೆಯೊಳಗೆ ಮಾತಿಗೆ ಅಡ್ಡಿಯಿಲ್ಲವಲ್ಲ. ದನಿ ತುಕ್ಕು ಹಿಡಿಯಬಾರದೆಂದು ಅವರು ಗೋಡೆಗೆ ಮಗ್ಗಿ ಹೇಳಿಸುತ್ತಿದ್ದರು. "ಏಳೊಂದ್ಲ ಏಳು. ಏಳೆರಡ್ಲ ಹದಿನಾಲ್ಕು." ನಾಲ್ಕು ಬೀದಿ ದಾಟುತ್ತಿದ್ದ ಕಂಠ ಕಿಟಕಿ ದಾಟಲು ಒದ್ದಾಡುತ್ತಿತ್ತು. ಪ್ರತಿ ಸಾಲಿನ ನಂತರ ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದರು, ಮಕ್ಕಳು ತಿರುಗಿ ಹೇಳಲು ಬೇಕಾಗುವಷ್ಟು ಹೊತ್ತು. ಮೌನದ ಬಗ್ಗೆ ಅಷ್ಟೆಲ್ಲ ತಿಳಿದಿದ್ದ ನನಗೆ ಆ ನಿಲುಗಡೆಯಲ್ಲಿ ನಿಲ್ಲಲು ಆಗಲಿಲ್ಲ. ಬೇಗ ಬೇಗ ನಡೆದುಬಿಟ್ಟೆ.

ಸರಿಯಾದ ಕೆಲಸ ಯಾವುದೆಂದು ನನಗೆ ಗೊತ್ತಿತ್ತು. ಕೊಟ್ರಪ್ಪ ಕೇಳಿದಾಗ ಮುಂದೆ ಹೋಗಿ ಮೂರು ಪದ ಹೇಳುವುದು. ಅದರ ಬದಲು ನಾನು ಗಣತಿಯ ದಿನ ಬೆಳಕು ಹರಿಯುವಾಗ, ಟೀಚರು ಹಾಲು ತರಲು ಹೋದ ಹೊತ್ತು ನೋಡಿ, ನನ್ನ ಅತ್ತಿಯ ಇಪ್ಪತ್ತು ಮಾಗಿದ ಹಣ್ಣುಗಳನ್ನು ಬಾಳೆನಾರಿನಲ್ಲಿ ಅವರ ಹಾಲೆಯ ಕೊಂಬೆಗಳಿಗೆ ಎಲೆಗಳ ಮರೆಯಲ್ಲಿ ಕಟ್ಟಿದೆ. ಹಾಲೆಯಲ್ಲಿ ಅತ್ತಿ ಹಣ್ಣು ಹೇಗೆ ಬಂತೆಂದು ಕೊಟ್ರಪ್ಪ ಕೇಳುವುದಿಲ್ಲವೆಂಬ ಧೈರ್ಯವಿತ್ತು. ಗಣತಿಯವರು ಹಕ್ಕಿಯನ್ನು ಮಾತ್ರ ನೋಡುತ್ತಾರೆ. ಮರ ನೋಡುವುದು ಬೇರೆ ಇಲಾಖೆ.

ಎಲೆಯಡಿಕೆ ಅರ್ಧವಾಗಿತ್ತು. ಕುಟ್ರುಹಕ್ಕಿಯೊಂದು ಬಂದು ಕೂತು, ತಲೆಯನ್ನು ಈ ಕಡೆ ಆ ಕಡೆ ವಾರೆ ಮಾಡಿ, ಹಣ್ಣಿಗೆ ಕೊಕ್ಕು ಹಾಕಿತು. "ಒಕ್ಕಲು ಐತೆ!" ಎಂದು ಕೊಟ್ರಪ್ಪ ಕೂಗಿದಾಗ ಟೀಚರು ಗೇಟಿನ ಸರಳು ಹಿಡಿದುಕೊಂಡರು. ಪಟ್ಟಿ ಬಿಚ್ಚಿದರು. ಅವರು ಬೀದಿಗೆ ಕಾಲಿಟ್ಟು ಆಡಿದ ಮೊದಲ ಮಾತು ನನ್ನನ್ನು ತೋರಿಸಿ: "ಮರ ಕೊಟ್ಟೋರು ಅಲ್ಲಿ ನಿಂತಾರೆ ನೋಡ್ರಿ. ನನಗೆ ಮಾತು ಕೊಟ್ಟೋರು ಅವರೇ."

ಜನ ನನ್ನತ್ತ ತಿರುಗಿದರು. ನಾನು ತಲೆ ತಗ್ಗಿಸಿದೆ. ವಿನಯ ಎಂದುಕೊಂಡರು.

ಜಂಬಣ್ಣ ಗುಂಪು ಸೀಳಿಕೊಂಡು ಮುಂದೆ ಬಂದು ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. "ಟೀಚರಮ್ಮ, ಎಲೆ ಉದುರಿಸ್ತೈತಾ ಇದು?"

"ಹೇಳುವಷ್ಟೇನಿಲ್ರಿ."

"ಹಣ್ಣು ಬಿದ್ದು ಗಲೀಜು?"

"ಎರಡು ವರ್ಷದಾಗ ಒಂದೂ ಬಿದ್ದಿಲ್ಲ."

"ಹಕ್ಕಿ ಹಿಕ್ಕೆ?"

"ಅಂಗಳ ತೊಳೆಯೋ ಕೆಲಸನೇ ಇಲ್ರಿ," ಎಂದರು ಟೀಚರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಹೇಳಿದ ಪ್ರತಿಯೊಂದು ಮಾತೂ ಸತ್ಯ.

ಗುಂಪಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ಊರು ನೂರು ವರ್ಷದಿಂದ ಇಂಥದ್ದೊಂದು ಮರಕ್ಕಾಗಿ ಕಾದಿತ್ತು. ಹಕ್ಕಿ ಬರುತ್ತದೆ, ಹಿಕ್ಕೆ ಹಾಕುವುದಿಲ್ಲ. "ನಾನು ಕೇಳಿದ್ದು ಇದನ್ನೇ ಅಲ್ವೇನ್ರಿ ಬೀಎಸ್ಸಿ?" ಎಂದು ಜಂಬಣ್ಣ ಬೆರಳು ಅಲ್ಲಾಡಿಸಿದರು. "ಮುಚ್ಚಿಟ್ಟುಕೊಂಡಿದ್ರಿ! ಟೀಚರಮ್ಮಗೆ ಒಂದು, ಊರಿಗೆ ಒಂದಾ?"

ಮಾರನೆಯ ದಿನ ಹತ್ತೂವರೆಗೆ ಏಳರ ಮಗ್ಗಿ ನಾಲ್ಕು ಬೀದಿ ದಾಟಿ ನರ್ಸರಿಗೆ ಕೇಳಿಸಿತು. ಮೊದಲು ಒಂದು ಕಂಠ, ಹಿಂದೆ ನಲವತ್ತೆರಡು. ಸಂಜೆ ಬೆಂಚು ಖಾಲಿ ಇತ್ತು. ಅವರಿಗೆ ಮಕ್ಕಳ ಪುಸ್ತಕ ತಿದ್ದುವುದಿತ್ತು. ದಾರಿಯಲ್ಲಿ ಸಿಕ್ಕರೆ ನಿಲ್ಲಿಸಿ ಚೆನ್ನಾಗಿ ಮಾತಾಡಿಸುತ್ತಿದ್ದರು. ನನ್ನ ಮೌನದ ವಿಷಯ ಎತ್ತಿದರೆ, "ಅದಿರ್ಲಿ ಬೀಎಸ್ಸಿ, ಊಟ ಆಯ್ತಾ?" ಎನ್ನುತ್ತಿದ್ದರು.

ಮೃಗಶಿರದ ಮೊದಲ ದಿನ ನರ್ಸರಿಯ ಮುಂದಿನ ಸಾಲು ಬಸ್‌ಸ್ಟ್ಯಾಂಡಿನವರೆಗೆ ಹೋಗಿತ್ತು. ಮೂರು ಗಣತಿ ಮುಗಿದ ಮರಗಳನ್ನೆಲ್ಲ ಜನ ಕೊಡಲಿ ಹಿಡಿದು ಉರುಳಿಸಿ ಬಂದಿದ್ದರು. ಅತ್ತಿ, ಗೋಣಿ, ನೇರಳೆ, ಚಳ್ಳೆ, ತಲೆಮಾರುಗಳಿಂದ ಅವರಿಗೆ ಮಾತು ಕೊಟ್ಟಿದ್ದ ಮರಗಳು. ಒಬ್ಬ ಮುದುಕಿ ಸಸಿಯ ಎಲೆ ಮುಟ್ಟಿ, "ಬ್ಯಾರೆ ಕೊಡಲ್ಲ ಅಲ್ಲ ಮಗಾ, ಇದೇ ಅಲ್ಲೇನು ಟೀಚರಮ್ಮಂದು?" ಎಂದಳು. "ಹೂಂ" ಎಂದೆ. ಪ್ರತಿಯೊಬ್ಬರೂ ಕೇಳಿದರು, ಪ್ರತಿಯೊಬ್ಬರಿಗೂ "ಹೂಂ" ಎಂದೆ. ಹೂಂ ಎನ್ನುವುದು ಮಾತೇ ಎಂದು ಪುರಸಭೆ ಠರಾವು ಮಾಡಿದ್ದು ನನಗೆ ನೆನಪಿತ್ತು. ಜಂಬಣ್ಣ ಪೆನ್ಸಿಲ್ ಮರ ಕೀಳಿಸಿ ಅಲ್ಲಿಗೆ ಹಾಲೆ ಹಾಕಿಸಿದರು. ಬಚ್ಚಲ ಹಿಂದಿನ ಅತ್ತಿಯನ್ನು ಕಡಿಯಲು ಹೇಳಿದರಂತೆ. ಪಾತ್ರೆಯವಳು, "ನನ್ನ ಬಟ್ಟೆ ನಿಮ್ಮ ತಲೆ ಮ್ಯಾಲೆ ಒಣಗಿಸ್ಲಾ ಧಣೇರ?" ಎಂದು ಕೇಳಿದ್ದರಿಂದ ಅದು ಉಳಿಯಿತು.

ಮಳೆಗಾಲ ಮುಗಿದು ಚಳಿ ಬಂತು. ಊರೆಲ್ಲ ಛತ್ರಿಯ ಮೇಲೆ ಛತ್ರಿ. ಬೀದಿಗಳು ಇಷ್ಟು ಚೊಕ್ಕಟವಾಗಿ ಎಂದೂ ಇರಲಿಲ್ಲ. ಕಾರುಗಳು ಹೊಳೆಯುತ್ತಿದ್ದವು. ಹಕ್ಕಿಗಳೆಲ್ಲ ನನ್ನ ಅಂಗಳಕ್ಕೂ ಜಂಬಣ್ಣನ ಬಚ್ಚಲಿಗೂ ಬಂದು ಸೇರಿದ್ದವು. ಒಂದೂ ಹಾಲೆಯ ಕಡೆ ತಿರುಗಿ ನೋಡಲಿಲ್ಲ. "ಗಣತಿ ದಿನ ಬರ್ತಾವೆ ಬಿಡ್ರಿ, ಟೀಚರಮ್ಮಂದಕ್ಕೂ ಅವತ್ತೇ ಬಂದಿದ್ವು" ಎಂದು ಜನ ನಿಶ್ಚಿಂತೆಯಾಗಿದ್ದರು.

ಗಣತಿಯ ಹಿಂದಿನ ಸಂಜೆ, ವರ್ಷದ ಮೇಲೆ, ಟೀಚರು ಬೆಂಚಿಗೆ ಬಂದರು. ಪಕ್ಕದಲ್ಲಿ ಕೂತು ಸೆರಗಿನ ತುದಿಯಿಂದ ಏನನ್ನೋ ಬಿಚ್ಚಿ ನಡುವೆ ಇಟ್ಟರು. ಒಣಗಿದ ಬಾಳೆನಾರು, ಅದರ ಗಂಟಿನಲ್ಲಿ ಅತ್ತಿ ಹಣ್ಣಿನ ತೊಟ್ಟು.

"ದೀಪಾವಳಿಗೆ ಕೊಂಬೆ ಸವರೋವಾಗ ಸಿಕ್ತು," ಎಂದರು. "ಮೂರು ತಿಂಗಳು ಇಟ್ಕೊಂಡೆ. ಕಟ್ಟಿದ್ದು ನೀವೇ ಅಂತ ಅವತ್ತೇ ಗೊತ್ತಾಯ್ತು. ನನ್ನ ಕಷ್ಟ ನೋಡಲಾರದೆ ಕಟ್ಟಿದ್ರಿ ಅಂದ್ಕೊಂಡೆ. ಒಳ್ಳೇ ಮನುಷ್ಯ ಅಂದ್ಕೊಂಡೆ. ಆಮೇಲೆ ಯೋಚನೆ ಬಂತು. ಅತ್ತಿಗೆ ಹಕ್ಕಿ ಬರುತ್ತೆ ಅಂತ ಇವರಿಗೆ ಗೊತ್ತಿತ್ತಲ್ಲ. ಹಾಲೆಗೆ ಬರಲ್ಲ ಅಂತಾನೂ ಗೊತ್ತಿತ್ತಲ್ಲ. ಬೀಎಸ್ಸಿ ಅಲ್ವಾ."

ನಾನು ನಾರನ್ನೇ ನೋಡುತ್ತಿದ್ದೆ.

"ಯಾಕೆ ಅಂತ ಕೇಳಲ್ಲ. ಕೇಳಿದ್ರೆ ನೀವು ಮತ್ತೆ ಮೌನದ ಬಗ್ಗೆ ಶುರು ಮಾಡ್ತೀರಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ; ತಪ್ಪು ಲೆಕ್ಕ ಮಾಡಿದ ಮಗುವನ್ನು ಬೋರ್ಡಿನ ಹತ್ತಿರ ಕರೆಯುವ ದನಿ. "ನಾಳೆ ನನ್ನ ಕ್ಲಾಸಿನ ನಲವತ್ತೆರಡು ಮಕ್ಕಳ ಮನೆಗೂ ಪಟ್ಟಿ ಬೀಳುತ್ತೆ. ನನಗೂ ಬೀಳುತ್ತೆ, ಅದು ಇರ್ಲಿ. ಮೂರನೇ ಕ್ಲಾಸಿನ ಮಕ್ಕಳು ಬಾಯಿ ಮುಚ್ಕೊಂಡು ಶಾಲೆಗೆ ಬರೋದು ಹೇಗೆ? ನಾನು ಹೇಳಿದ್ರೆ ನಡೆಯಲ್ಲ, ಕೊಟ್ಟೋರೇ ಹೇಳಬೇಕು ಅಂತ ಕಟ್ಟಳೆ. ಮೂರು ಪದ. ಆಮೇಲೆ ಮೂರು ವರ್ಷ ನಿಮಗೆ ಮೌನ. ನಿಮಗೇನ್ ಕಷ್ಟ? ಅದು ನಿಮಗೆ ಇಷ್ಟವಾದದ್ದೇ ಅಲ್ವಾ?"

ಸ್ವಲ್ಪ ಹೊತ್ತು ಕಾದರು. ಗೋಡೆಗೆ ಮಗ್ಗಿ ಹೇಳಿಸುವಾಗ ಕಾಯುತ್ತಿದ್ದಷ್ಟೇ ಹೊತ್ತು. ಆಮೇಲೆ ಎದ್ದು ಹೋದರು. ನಾರನ್ನು ಬೆಂಚಿನ ಮೇಲೇ ಬಿಟ್ಟಿದ್ದರು.

ನಾನು ಮೂರು ವರ್ಷದ ಮೌನವನ್ನು ಕಲ್ಪಿಸಿಕೊಳ್ಳಲು ನೋಡಿದೆ. ಡೇರಿಯ ಸಾಲಿನಲ್ಲಿ ಜನ ನನ್ನ ಎದುರಿಗೇ ನನ್ನ ಬಗ್ಗೆ ಆಡಿಕೊಳ್ಳುವುದು, ನಾನು ಕೈಯಲ್ಲಿ ಬಳಪ ಹಿಡಿದು ನಿಂತಿರುವುದು. ನನ್ನ ವಿಚಾರಗಳು ಅಷ್ಟೂ ಒಂದು ಸ್ಲೇಟಿನಲ್ಲಿ ಹಿಡಿಸಬೇಕಾಗುವುದು. ನನಗೆ ಇಷ್ಟವಿದ್ದದ್ದು ಬೇರೆಯವರ ಮೌನ ಎಂದು ಆ ಸಂಜೆ ತಿಳಿಯಿತು.

ಮರುದಿನ ಕೊಟ್ರಪ್ಪ ಟೀಚರ ಗೇಟಿನಿಂದಲೇ ಶುರುಮಾಡಿದ. ಊರು ನೆರೆದಿತ್ತು. ಎಲೆಯಡಿಕೆ ಮುಗಿಯಿತು, ಅವನು ರಸವನ್ನು ಉಗುಳಿ ಬಾಯಿ ಒರೆಸಿಕೊಂಡ. ಹಾಲೆಯ ಎಲೆಯೊಂದೂ ಅಲುಗಲಿಲ್ಲ. "ಸಸಿ ಕೊಟ್ಟೋರು ಏನಾದ್ರೂ ಹೇಳೋದು ಐತಾ?" ಎಂದು ಕೇಳಿದ. ಜನ ನಗುತ್ತ ನನ್ನ ಕಡೆ ನೋಡಿದರು. ನಾನು ಏನೋ ಹಕ್ಕಿ ಕರೆಯುವ ಉಪಾಯ ಹೇಳುತ್ತೇನೆಂದು ಕಾದಂತಿತ್ತು. ಎರಡನೆಯ ಸಲ ಕೇಳಿದ. ಯಾರೂ ನಗಲಿಲ್ಲ. ಟೀಚರು ಗೇಟಿನೊಳಗೆ ಮಗ್ಗಿಯ ಪುಸ್ತಕ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ಹಿಂದೆ ಮೂರನೆಯ ತರಗತಿ ಸಾಲಾಗಿ ನಿಂತಿತ್ತು. ಮೂರನೆಯ ಸಲ ಕೇಳಿದ. 

ನಾನು ಬಾಯಿ ತೆರೆದೆ. ಕೆಮ್ಮು ಬಂತು.

ಕೊಟ್ರಪ್ಪ ಅದು ಮುಗಿಯುವವರೆಗೆ ಮರ್ಯಾದೆಯಿಂದ ಕಾದ. ಆಮೇಲೆ, "ಕೆಮ್ಮು ಲೆಕ್ಕಕ್ಕಿಲ್ಲ" ಎಂದು ಪಟ್ಟಿ ತೆಗೆದ. ಅವತ್ತು ಸಂಜೆಯೊಳಗೆ ಬಿಳಿ ಬಟ್ಟೆ ಸಾಲದೆ ಪಂಚೆಗಳನ್ನು ಹರಿದು ಕಟ್ಟಬೇಕಾಯಿತು.

ಈಗ ಊರು ನನ್ನ ನೋಟುಪುಸ್ತಕದಲ್ಲಿದ್ದ ಹಾಗೆ ಆಗಿದೆ. ಸಂತೆಯಲ್ಲಿ ತಕ್ಕಡಿಯ ಸದ್ದು ಮಾತ್ರ. ಶಾಲೆಯಲ್ಲಿ ಹತ್ತೂವರೆಗೆ ಗಂಟೆ ಹೊಡೆಯುತ್ತದೆ, ಆಮೇಲೆ ನಲವತ್ತೆರಡು ಬಳಪಗಳು ಕಿರ್ರೆನ್ನುತ್ತವೆ. ಟೀಚರು ಬೋರ್ಡಿನ ಮೇಲೆ ಏಳರ ಮಗ್ಗಿ ಬರೆಯುತ್ತಾರೆ, ಮಕ್ಕಳು ನೋಡಿ ಬರೆಯುತ್ತಾರೆ. ಇಡೀ ಊರೇ ಮಾತು ಕಳೆದುಕೊಂಡ ಮೇಲೆ, ಮಾತಿಲ್ಲದವರೂ ಪಾಠ ಮಾಡಬಹುದೆಂದು ಶಾಲೆಯೂ ನಿಯಮ ಸಡಿಲಿಸಿದೆ. ದಾರಿಯಲ್ಲಿ ನಾನು ಎದುರಾದರೆ ಅವರು ಸ್ಲೇಟನ್ನು ಸೆರಗಿನಿಂದ ಒರೆಸಿ, ಖಾಲಿ ಮಾಡಿ, ಮುಂದೆ ಹೋಗುತ್ತಾರೆ. ಗೇಟಿನಾಚೆ ಮಾತಾಡಬಲ್ಲವರು ಊರಿನಲ್ಲಿ ಉಳಿದಿರುವುದು ಇಬ್ಬರೇ. ಎರಡನೆಯವರು ಜಂಬಣ್ಣ. ಬಚ್ಚಲ ಹಿಂದಿನ ಅತ್ತಿ ಅವರ ಕೈಬಿಡಲಿಲ್ಲ. ಪ್ರತಿ ಸಂಜೆ ಅವರು ತಪ್ಪದೆ ನರ್ಸರಿಗೆ ಬಂದು, ಬೆಂಚಿನ ಮೇಲೆ ಟೀಚರು ಕೂರುತ್ತಿದ್ದ ಜಾಗದಲ್ಲಿ ಕೂತು, "ಕೇಳ್ರಿ ಬೀಎಸ್ಸಿ, ನಿಮ್ಮನ್ನ ಬಿಟ್ರೆ ನನಗೆ ಯಾರದಾರೆ" ಎಂದು ಶುರುಮಾಡುತ್ತಾರೆ. ಕತ್ತಲಾಗುವವರೆಗೆ ನಾನು ಕೇಳುತ್ತೇನೆ.

ಮುಂದಿನ ಮಾಘದಲ್ಲಿ ಕೊಟ್ರಪ್ಪ ಮತ್ತೆ ಬರುತ್ತಾನೆ, ಮತ್ತೆ ಮೂರು ಸಲ ಕೇಳುತ್ತಾನೆ. ನನಗೆ ಮಾತಿದೆ. ತಪ್ಪು ಸಸಿ ಕೊಟ್ಟೆ ಎಂದು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.